ಹತ್ತು ಅಂಕ ಕಮ್ಮಿ

ನನ್ನ ಹೆಸರು ಚಿಕ್ಕಬಸಪ್ಪ. ನಂಜನಗೂಡಿನ ಒಂದು ಕಾಲೇಜಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಒಂದು ದಿನವೂ ಪಾಠ ಮಾಡಿದವನಲ್ಲ. ಆದರೂ ಫಲಿತಾಂಶ ಬಂದ ದಿನ ಹುಡುಗರು ಮೇಷ್ಟ್ರುಗಳನ್ನೆಲ್ಲ ಬಿಟ್ಟು ನನ್ನ ಕಿಟಕಿಗೇ ಮುತ್ತಿಕೊಳ್ಳುತ್ತಿದ್ದರು. ಮಾರ್ಕ್ಸ್ ಕಾರ್ಡಿನಲ್ಲಿ ವಿಷಯ, ಅಂಕ, ಕೊನೆಗೆ ‘ಉತ್ತೀರ್ಣ’ ಎಂದಷ್ಟೇ ಇರುತ್ತಿತ್ತು. ಅದು ಫಸ್ಟ್ ಕ್ಲಾಸೋ, ಸೆಕೆಂಡ್ ಕ್ಲಾಸೋ, ಬರೀ ಪಾಸ್ ಕ್ಲಾಸೋ ಎನ್ನುವುದು ಪದವಿ ಪ್ರಮಾಣಪತ್ರದಲ್ಲಿ ಮಾತ್ರ ಬರುತ್ತಿತ್ತು, ಆ ಪ್ರಮಾಣಪತ್ರ ಕೈಗೆ ಸಿಗಲು ಒಂದೂವರೆ ವರ್ಷ ಹಿಡಿಯುತ್ತಿತ್ತು. ಅಷ್ಟು ದಿನ ಯಾರಿಗೆ ತಾಳ್ಮೆ? ನಾನು ಅಂಕಗಳನ್ನು ಕೂಡಿ, ಭಾಗಿಸಿ, ಅಲ್ಲೇ ಹೇಳಿಬಿಡುತ್ತಿದ್ದೆ. ಅರವತ್ತಕ್ಕೆ ಫಸ್ಟು, ಐವತ್ತಕ್ಕೆ ಸೆಕೆಂಡು, ಮೂವತ್ತೈದಕ್ಕೆ ಪಾಸು. ಚಿಕ್ಕಬಸಪ್ಪ ಹೇಳಿದರೆ ಯೂನಿವರ್ಸಿಟಿಯೇ ಹೇಳಿದ ಹಾಗೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅದು ತಮಾಷೆಯ ಮಾತು. ನಾನು ಮಾತ್ರ ಅದನ್ನು ನಿಜವೆಂದೇ ನಂಬಿಕೊಂಡಿದ್ದೆ.

ತೊಂಬತ್ತನಾಲ್ಕರ ಜೂನ್‌ನಲ್ಲಿ ತಾಂಡವಪುರದ ಸಣ್ಣಯ್ಯ ತನ್ನ ಮಗಳು ಕೋಮಲಳನ್ನು ಕರೆದುಕೊಂಡು ಬಂದ. ಒಕ್ಕಲುತನದವನು. ಆ ಮನೆತನದಲ್ಲಿ ಹೆಣ್ಣಿರಲಿ, ಗಂಡು ಕೂಡ ಬಿ.ಎ. ಓದಿದ್ದಿಲ್ಲ. ಕೋಮಲ ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗಬೇಕು ಎನ್ನುವುದು ಅಪ್ಪ ಮಗಳಿಬ್ಬರ ಒಂದೇ ಆಸೆ. ಬಿ.ಎಡ್.ಗೆ ಆಗ ಸೆಕೆಂಡ್ ಕ್ಲಾಸ್ ಬೇಕಿತ್ತು. ಕೋಮಲ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯೊಳಗೆ ಕೊಟ್ಟಳು.

ನನ್ನ ಹತ್ತಿರ ಹೊಸ ಕ್ಯಾಲ್ಕುಲೇಟರ್ ಇತ್ತು. ಅದರ ಗುಂಡಿ ಒತ್ತುವಾಗ ನನ್ನ ಗತ್ತೇ ಬೇರೆ. ಮೂರು ವರ್ಷದ ಅಂಕಗಳನ್ನೂ ಕೂಡಿದೆ. ಸಾವಿರದ ಆರುನೂರಕ್ಕೆ ಏಳುನೂರ ತೊಂಬತ್ತು. ಐವತ್ತು ಪರ್ಸೆಂಟಿಗೆ ಎಂಟುನೂರು ಬೇಕು.

“ಹತ್ತು ಅಂಕ ಕಮ್ಮಿ ಕಣಮ್ಮ. ಪಾಸ್ ಕ್ಲಾಸು,” ಅಂದೆ.

“ಅತ್ತೇ ಅತ್ತು ಮಾರ್ಕ್ಸಾ ಸಾ?” ಅಂದ ಸಣ್ಣಯ್ಯ. “ಎಲ್ಲಾರ ಒಂದ್ಕಡೆ ಸೇರುಸ್ಕೊಡಕಾಗಲ್ವ?”

“ಒಂದು ಅಂಕ ಕಮ್ಮಿಯಾದರೂ ಕಮ್ಮಿಯೇ. ಇಂಗ್ಲಿಷ್ ನೋಡಿ ನಿಮ್ಮ ಮಗಳದ್ದು. ಮೂವತ್ತೈದು, ಮೂವತ್ತಾರು. ಅಲ್ಲಿ ಹೋಯಿತು ನೋಡಿ ಬಿ.ಎಡ್.”

ಕೋಮಲ ಕಾರ್ಡನ್ನು ವಾಪಸ್ ತೆಗೆದುಕೊಂಡು ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಸಣ್ಣಯ್ಯ ಹೋಗುವಾಗ, ಪ್ರಮಾಣಪತ್ರ ಬಂದರೆ ಇಟ್ಟಿರಿ ಎಂದು ಅರ್ಜಿ ತುಂಬಿಸಿ, ಕಾಲೇಜಿನ ವಿಳಾಸವನ್ನೇ ಕೊಟ್ಟು ಹೋದ. ಮಗಳು ಬಿ.ಎ. ಪಾಸಾದದ್ದೇ ಹೆಚ್ಚು ಎಂದುಕೊಂಡು, ದೇವರ ಪಟಗಳಿಗೆ ಕಟ್ಟು ಹಾಕುವವನ ಅಂಗಡಿಯಲ್ಲಿ ಆ ಮಾರ್ಕ್ಸ್ ಕಾರ್ಡಿಗೆ ಗಾಜು ಹಾಕಿಸಿದನಂತೆ. ಮಾರನೆಯ ವರ್ಷ ಕೋಮಲಳನ್ನು ಮುಡುಕುತೊರೆಯ ಚೆಲುವರಾಜುವಿಗೆ ಕೊಟ್ಟು ಮದುವೆ ಮಾಡಿದ. ಪ್ರಮಾಣಪತ್ರ ಕೇಳಲು ಯಾರೂ ಬರಲಿಲ್ಲ. ಪಾಸ್ ಕ್ಲಾಸಿನ ಪ್ರಮಾಣಪತ್ರ ಯಾರಿಗೆ ಬೇಕು?

ಹತ್ತು ವರ್ಷ ಕಳೆಯಿತು. ಎರಡು ಸಾವಿರದ ನಾಲ್ಕರಲ್ಲಿ ಯಾವುದೋ ಸಮಿತಿ ಕಾಲೇಜು ನೋಡಲು ಬರುತ್ತದೆಂದು ಪ್ರಿನ್ಸಿಪಾಲರಿಗೆ ಜ್ವರ ಬಂದಂತಾಯಿತು. ಹಳೆಯ ಬೀರು ಖಾಲಿ ಮಾಡಿ ಎಂದು ಹುಕುಂ ಮಾಡಿದರು. ಆ ಬೀರುವಿನ ಕೆಳಗಿನ ಅರೆಯಲ್ಲಿ ಯಾರೂ ಒಯ್ಯದ ಪ್ರಮಾಣಪತ್ರಗಳ ಲಕೋಟೆಗಳು ಸುಮಾರು ನಲವತ್ತಿದ್ದವು. ಧೂಳು ಒರೆಸಿ ಒಂದೊಂದನ್ನೇ ತೆಗೆದು ಹೆಸರು ಬರೆದುಕೊಳ್ಳುತ್ತಾ ಕೂತೆ. ಕೋಮಲ ಎಸ್., ಬಿ.ಎ., ಸಾವಿರದ ಒಂಬೈನೂರ ತೊಂಬತ್ತನಾಲ್ಕು. ಅದರ ಕೆಳಗೆ: ದ್ವಿತೀಯ ದರ್ಜೆ.

ಹತ್ತು ಅಂಕದ ಹುಡುಗಿ ನನಗೆ ಮರೆತಿರಲಿಲ್ಲ. ಮೊದಲು ಯೂನಿವರ್ಸಿಟಿಯವರನ್ನೇ ಬೈದೆ. ಆಮೇಲೆ ಲೆಡ್ಜರ್ ತೆಗೆದು ಅವಳ ಅಂಕ ನೋಡಿದೆ. ಏಳುನೂರ ತೊಂಬತ್ತೇ. ನನ್ನ ಕೂಡುವಿಕೆಯಲ್ಲಿ ಏನೂ ತಪ್ಪಿರಲಿಲ್ಲ. ಅನುಮಾನ ಹೋಗದೆ ತೊಂಬತ್ತೊಂದರ ಸುತ್ತೋಲೆಗಳ ಕಡತ ಬಿಚ್ಚಿದೆ. ಅಲ್ಲಿತ್ತು. ಈ ವರ್ಷ ಸೇರುವವರಿಂದ ಹೊಸ ಪದ್ಧತಿ; ಭಾಷೆಗಳಲ್ಲಿ ಪಾಸಾದರೆ ಸಾಕು, ಅವುಗಳ ಅಂಕವನ್ನು ದರ್ಜೆಗೆ ಎಣಿಸತಕ್ಕದ್ದಲ್ಲ; ಐಚ್ಛಿಕ ವಿಷಯಗಳ ಸಾವಿರದ ಇನ್ನೂರು ಅಂಕಗಳ ಮೇಲೆ ಮಾತ್ರ ದರ್ಜೆ. ಸುತ್ತೋಲೆಯ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಲಾಗಿತ್ತು. ಅದು ನನ್ನ ಸಹಿ. ತೂತು ಹೊಡೆದು ದಾರ ಪೋಣಿಸಿ ಇಟ್ಟವನೂ ನಾನೇ. ಓದಿರಲಿಲ್ಲ.

ತೊಂಬತ್ತೈದರಿಂದ ದರ್ಜೆ ಕಾರ್ಡಿನಲ್ಲೇ ಅಚ್ಚಾಗಿ ಬರುತ್ತಿತ್ತು; ನನ್ನ ತಪ್ಪು ಎಣಿಕೆ ತಟ್ಟಿದ್ದು ತೊಂಬತ್ತನಾಲ್ಕರ ಸಾಲಿಗೆ ಮಾತ್ರ. ಆ ಸಾಲಿನವರ ಅಂಕಗಳನ್ನೆಲ್ಲ ಹೊಸದಾಗಿ ಎಣಿಸಿದೆ. ಬೇರೆಯವರಿಗೆ ಹೇಗೆ ಎಣಿಸಿದರೂ ದರ್ಜೆ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಇಬ್ಬರದು. ಒಬ್ಬ ದೇವರಾಜು; ಅವನು ನನ್ನ ಮಾತಿಗೆ ಸೊಪ್ಪು ಹಾಕದೆ ಮೈಸೂರಿಗೆ ಹೋಗಿ ಕೇಳಿ, ಅದೇ ವರ್ಷ ಬಿ.ಎಡ್. ಸೇರಿಕೊಂಡಿದ್ದ. ಇವನಿಗೆ ಹೇಗೆ ಸೀಟು ಸಿಕ್ಕಿತೋ, ಯಾರ ಕೈ ಬಿಸಿ ಮಾಡಿದನೋ ಎಂದು ನಾನು ಆಡಿಕೊಂಡಿದ್ದೆ. ಇನ್ನೊಬ್ಬಳು ಕೋಮಲ. ಅವಳು ನನ್ನನ್ನು ನಂಬಿದಳು.

ಪ್ರಮಾಣಪತ್ರವನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿ ಕೈತೊಳೆದುಕೊಳ್ಳೋಣ ಎಂದು ಎರಡು ದಿನ ಯೋಚಿಸಿದ್ದು ನಿಜ. ವಿಳಾಸ ಕೂಡ ಬರೆದಿದ್ದೆ. ನಿವೃತ್ತಿಗೆ ಎಂಟು ತಿಂಗಳಿತ್ತು, ಹೋಗುವ ಕಾಲಕ್ಕೆ ಮರ್ಯಾದೆ ಏಕೆ ಕಳೆದುಕೊಳ್ಳಬೇಕು ಎಂಬ ಲೆಕ್ಕಾಚಾರ. ಮೂರನೆಯ ದಿನ ನನಗೇ ನಾಚಿಕೆಯಾಗಿ, ಅರ್ಧ ದಿನ ರಜೆ ಹಾಕಿ ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿ ಇಳಿದು ತಲಕಾಡು ಕಡೆಯ ಬಸ್ಸು ಹಿಡಿದು ಮುಡುಕುತೊರೆ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ. ಪ್ರತಿ ಸಲವೂ ತಪ್ಪು ಯಾರದು ಎನ್ನುವ ಜಾಗಕ್ಕೆ ಬಂದಾಗ ಮಾತು ಬೇರೆ ಕಡೆ ತಿರುಗುತ್ತಿತ್ತು.

ಬೆಟ್ಟದ ಬುಡದ ಬೀದಿಯಲ್ಲಿ ಚೆಲುವರಾಜುವಿನ ಮನೆ. ಜಗಲಿಯ ಮೇಲೆ ಏಳೆಂಟು ಮಕ್ಕಳು ಕೂತು ಓದುತ್ತಿದ್ದರು. ಕೋಮಲ ನಡುವೆ ನಿಂತು ಒಂದು ಹುಡುಗಿಯ ಪುಸ್ತಕ ಹಿಡಿದು ಗದರುತ್ತಿದ್ದಳು.

“ಇಂಗ್ಲಿಷಲ್ಲಿ ಮತ್ತೆ ಮೂರು ತಪ್ಪು. ನನ್ ಥರ ಆಗ್ಬೇಕಾ ನೀನು? ಮೂರ್ ಮಾರ್ಕ್ಸು ಅಂದ್ರೆ ಏನು ಅಂತ ಗೊತ್ತಾ ನಿಂಗೆ?”

ಹುಡುಗಿಗೆ ಎಂಟು ವರ್ಷವಿರಬಹುದು, ಅವಳದೇ ಮಗಳು. ಹೆಸರು ಅರ್ಪಿತ. ಕೋಮಲ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಒಳಗೆ ಕೂರಿಸಿ ನೀರು ಕೊಟ್ಟಳು. ಗಂಡ ಗದ್ದೆಗೆ ಹೋಗಿದ್ದಾರೆ ಎಂದಳು. ಗೋಡೆಯ ಮೇಲೆ ಮಲ್ಲಿಕಾರ್ಜುನ ಸ್ವಾಮಿಯ ಪಟ, ಅದರ ಪಕ್ಕದಲ್ಲೇ ಗಾಜಿನ ಕಟ್ಟಿನೊಳಗೆ ಮಾರ್ಕ್ಸ್ ಕಾರ್ಡು. ಅಪ್ಪ ಮದುವೆಯಲ್ಲಿ ಪಾತ್ರೆಗಳ ಜೊತೆ ಅದನ್ನೂ ಕೊಟ್ಟು ಕಳಿಸಿದ್ದಂತೆ.

ನಾನು ಲಕೋಟೆ ಕೊಟ್ಟೆ. ಅವಳು ತೆರೆದು ಓದಿದಳು. ಎರಡು ಸಲ ಓದಿದಳು. ಮುಖದಲ್ಲಿ ಸಂತೋಷ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

“ಇದು ತಪ್ಪಾಗಿದೆ ಸಾರ್,” ಅಂದಳು, ಅದನ್ನು ನನ್ನ ಕಡೆಗೇ ಚಾಚಿ. “ನಂಗೆ ಹತ್ತು ಮಾರ್ಕ್ಸ್ ಕಮ್ಮಿ. ನೀವೇ ಎಣಿಸಿದ್ರಲ್ಲ. ಯೂನಿವರ್ಸಿಟಿಯೋರು ಬೇರೆ ಯಾರ್ದೋ ದರ್ಜೆನ ನನ್ ಹೆಸರಿಗೆ ಹಾಕ್ಬುಟ್ಟವ್ರೆ.”

ಆಗ ‘ಇರಬಹುದಮ್ಮ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಾಫಿ ಕುಡಿದು ಬಸ್ಸು ಹತ್ತಬಹುದಿತ್ತು. ಯೂನಿವರ್ಸಿಟಿಯ ಮೊಹರು ಕಣ್ಣ ಮುಂದಿದ್ದರೂ ಅವಳು ನಂಬಿದ್ದು ನನ್ನ ಬಾಯಿಮಾತನ್ನು.

“ತಪ್ಪು ಅವರದ್ದಲ್ಲ ಕಣಮ್ಮ, ನನ್ನದು,” ಅಂದೆ. “ನಾನು ಹಳೇ ಪದ್ಧತಿಯಲ್ಲಿ ಎಣಿಸಿದೆ. ಭಾಷೆ ಸೇರಿಸಬಾರದಿತ್ತು. ಸುತ್ತೋಲೆ ಬಂದಿತ್ತು, ನಾನು ಓದಿರಲಿಲ್ಲ.”

ಅವಳು ಪ್ರಮಾಣಪತ್ರವನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಿದಳು: “ಎಲ್ಲಿ ಬರೆದದೆ ಅದು?”

“ಕಾರ್ಡಿನ ಹಿಂದುಗಡೆ. ಎಲ್ಲರ ಕಾರ್ಡಿನ ಹಿಂದೆಯೂ ಅಚ್ಚು ಹಾಕಿರುತ್ತಾರೆ.”

ಇದು ಕೂಡ ಕಡತ ನೋಡಿದ ಮೇಲೆಯೇ ನಾನು ತಿಳಿದುಕೊಂಡದ್ದು. ಕೋಮಲ ಎದ್ದು ಗೋಡೆಯಿಂದ ಕಟ್ಟನ್ನು ಇಳಿಸಿದಳು. ಅಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು. ಈಳಿಗೆಮಣೆಯ ತುದಿಯಿಂದ ಒಂದೊಂದೇ ಮೊಳೆ ಮೀಟಿ ಹಿಂದಿನ ಹಲಗೆ ತೆಗೆದಳು. ಕಾರ್ಡಿನ ಬೆನ್ನು ಕಾಣಿಸಿತು. ಹತ್ತು ವರ್ಷ ಹಲಗೆಗೆ ಅಂಟಿಕೊಂಡು ಅಂಚು ಹಳದಿಯಾಗಿತ್ತು. ಅದರ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅವಳು ಬಾಗಿಲಿನ ಬೆಳಕಿಗೆ ಹಿಡಿದು ಒಂದೊಂದೇ ಪದ ಓದಿದಳು. ನಾಲ್ಕನೆಯ ಸಾಲಿಗೆ ನಿಂತಳು. ಅದನ್ನು ಕನ್ನಡದಲ್ಲಿ ತಾನೇ ಹೇಳಿಕೊಂಡಳು: ಭಾಷೆಗಳ ಅಂಕವನ್ನು ದರ್ಜೆಗೆ ಸೇರಿಸೋದಿಲ್ಲ.

ಆಮೇಲೆ ಮಕ್ಕಳ ಸೀಮೆಸುಣ್ಣ ತಂದು ನೆಲದ ಮೇಲೆ ಕೂತು, ಚರಿತ್ರೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಅಂಕಗಳನ್ನು ಬರೆದು ಕೂಡಿದಳು. ನಾನು ಬಾಯಿ ಹಾಕಲಿಲ್ಲ. ಸಾವಿರದ ಇನ್ನೂರಕ್ಕೆ ಆರುನೂರ ಹದಿನೆಂಟು. ಭಾಗಿಸಿದಳು. ಐವತ್ತೊಂದೂವರೆ.

“ಹದಿನೆಂಟು ಜಾಸ್ತಿನೇ ಇತ್ತು,” ಅಂದಳು.

“ಹೌದಮ್ಮ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನೆಲದ ಮೇಲಿನ ಲೆಕ್ಕವನ್ನೇ ನೋಡುತ್ತಾ ಹೇಳಿದಳು:

“ಬಿ.ಎ. ಎರಡ್ನೇ ವರ್ಷದಲ್ಲಿ ಸಾರ್, ಇಂಗ್ಲಿಷ್ ಟ್ಯೂಷನ್‌ಗೆ ಕಳ್ಸಪ್ಪ ಅಂತ ಕೇಳಿದ್ದೆ. ಆ ವರ್ಷ ನಮ್ಮಪ್ಪ ಎತ್ತು ತಂದ್ರು, ಟ್ಯೂಷನ್‌ಗೆ ಆಗಲ್ಲ ಅಂದ್ರು. ನೀವು ಇಂಗ್ಲಿಷಲ್ಲಿ ಹೋಯ್ತು ಅಂದ್ರಲ್ಲ, ಅವತ್ತಿಂದ ಅದೇ ಕೊರಗು. ಅವ್ವನೂ ಬಿಡ್ನಿಲ್ಲ. ಎತ್ತು ಕಂಡಾಗೆಲ್ಲ, ನಿನ್ ಎತ್ತು ನನ್ ಮಗೀನ ತಿಂದಾಕ್ತು ಅನ್ನೋರು. ಹೋದ್ ವರ್ಷ ಅಪ್ಪ ಆಸ್ಪತ್ರೇಲಿ ಮಲಗಿದ್ದಾಗ ನನ್ ಕೈ ಹಿಡ್ಕೊಂಡು, ಆ ಅತ್ತು ಮಾರ್ಕ್ಸು ನಾನೇ ಕಳ್ದೆ ಕಣವ್ವ, ಮನ್ಸಲ್ ಇಟ್ಕೋಬೇಡ ಅಂದ್ರು. ಮಾತು ನಿಂತಿದ್ದು ಅದಾದ್ಮೇಲೇ.”

ಸಣ್ಣಯ್ಯ ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಆ ಕ್ಷಣದವರೆಗೆ ನಾನು ಕಸಿದದ್ದು ಒಂದು ಕೆಲಸವನ್ನು ಎಂದುಕೊಂಡಿದ್ದೆ. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅರವತ್ತರ ಹತ್ತಿರದ ನಾನು ಅವಳ ಮುಂದೆ ಅತ್ತುಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ಬಿ.ಎಡ್. ಅರ್ಜಿ ಯಾವಾಗ ಬಿಡ್ತಾರೆ?” ಎಂದು ಕೇಳಿದಳು.

“ಮುಂದಿನ ತಿಂಗಳು. ನಾನೇ ತಂದು, ತುಂಬಿ...”

“ತಂದ್ಕೊಡಿ ಸಾಕು. ತುಂಬೋದು ನಾನೇ ತುಂಬ್ತೀನಿ. ನಿಯಮಾನೂ ನಾನೇ ಓದ್ಕೋತೀನಿ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಅದು ಚೆನ್ನಾಗಿಯೇ ತಾಗಿತು.

ಅರ್ಪಿತ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮೂರು ತಪ್ಪನ್ನೂ ತಿದ್ದಿಕೊಂಡು ಬಂದಿದ್ದಳು. ಕೋಮಲ ಪುಸ್ತಕ ನೋಡದೆ ಅವಳನ್ನು ಹತ್ತಿರ ಎಳೆದು ಕೂರಿಸಿಕೊಂಡಳು. ನಾನು ಹೊರಡಲು ಎದ್ದೆ.

“ಸಾರ್,” ಅಂದಳು. “ನಂಗೆ ಹೇಳಿದ್ರಿ. ನಮ್ಮವ್ವಂಗೂ ನೀವೇ ಹೇಳ್ಬೇಕು. ನಾನು ಹೇಳಿದ್ರೆ, ಅಪ್ಪನ್ ಮಾನ ಉಳಿಸಕ್ಕೆ ಕತೆ ಕಟ್ತಾವ್ಳೆ ಅಂದ್ಕೋತಾರೆ.”

ಮಾರನೆಯ ಬೆಳಿಗ್ಗೆ ತಾಂಡವಪುರಕ್ಕೆ ಹೋದೆ. ಕೋಮಲಳ ತಾಯಿ ಜವರಮ್ಮ ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದರು. ಮುಂದಿನ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಒಂದು ಮುದಿ ಎತ್ತು ಮಲಗಿತ್ತು. ಅವರಿಗೆ ಓದು ಬರದು. ಭಾಷೆ, ಐಚ್ಛಿಕ, ದರ್ಜೆ ಇವೆಲ್ಲ ಅವರಿಗೆ ಹೇಗೆ ಹೇಳುವುದೆಂದು ದಾರಿಯಲ್ಲಿ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಯಾವುದೂ ಬೇಕಾಗಲಿಲ್ಲ.

“ನಾನು ಕಾಲೇಜಿನ ಗುಮಾಸ್ತ ಅಮ್ಮ. ಕೋಮಲಂಗೆ ಹತ್ತು ಅಂಕ ಕಮ್ಮಿ ಅಂತ ಹೇಳಿದವನು ನಾನೇ. ಅದು ಸುಳ್ಳು. ಅವಳಿಗೆ ಯಾವ ಅಂಕವೂ ಕಮ್ಮಿ ಇರಲಿಲ್ಲ. ನಾನು ತಪ್ಪು ಎಣಿಸಿದ್ದೆ. ಇಂಗ್ಲಿಷ್ ಲೆಕ್ಕಕ್ಕೇ ಇರಲಿಲ್ಲ.”

ಜವರಮ್ಮ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು. ನನ್ನನ್ನೇ ನೋಡಿದರು.

“ಟೂಸನ್‌ಗೆ ಓಗದೆ ಇದ್ರೂವೆ ಪಾಸಾಗಿತ್ತ ನನ್ ಮಗಿ?”

“ಆಗಿತ್ತು ಅಮ್ಮ. ಟೀಚರ್ ಕೆಲಸಕ್ಕೆ ಬೇಕಾದಷ್ಟು ಅಂಕ ಬಂದಿತ್ತು.”

“ಅಂಗಾರೆ ನಮ್ ಯಜಮಾನ್ರುದು ಏನೂ ತಪ್ಪಿರ್ನಿಲ್ಲ ಅನ್ನು.”

“ಇಲ್ಲ ಅಮ್ಮ. ಏನೂ ಇರಲಿಲ್ಲ.”

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೊಟ್ಟಿಗೆಯ ಕಡೆ ಒಮ್ಮೆ ನೋಡಿದರು. ಒಂಬತ್ತು ವರ್ಷ ಗಂಡನಿಗೆ ಆಡಿದ ಮಾತುಗಳೆಲ್ಲ ಅವರಿಗೆ ನೆನಪಾಗುತ್ತಿದ್ದವೋ ಏನೋ. ಆಮೇಲೆ ಸೆರಗು ತೆಗೆದು ನೆಟ್ಟಗೆ ಕೂತರು.

“ಇನ್ನೊಂದ್ ಸಲ ಯೋಳಪ್ಪ ಅದ,” ಅಂದರು. “ಗಟ್ಟಿಯಾಗ್ ಯೋಳು.”

ನಾನು ಎದ್ದು ನಿಂತು, ಒಳಗಿದ್ದವರಿಗೂ ಬೀದಿಯವರಿಗೂ ಕೇಳುವಂತೆ ಇನ್ನೊಂದು ಸಲ ಹೇಳಿದೆ.