ಸರ್ವೇಯರಮ್ಮ ತಪ್ಪಾಗಿ ಬರೆದ ಬೇವು

ಹೊಳಗುಂದದ ಕಡೆಯ ಒಂದು ಹಳ್ಳಿಗೆ ಮಹಾಲಕ್ಷ್ಮಿ ಸರ್ವೇಯರ್ ಆಗಿ ಬಂದು ಮೂರು ವರ್ಷವಾಗಿತ್ತು. ಬೆಳಗಿನ ಬಸ್ಸಿಗೆ ಆದವಾನಿಯಿಂದ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ನಡುವೆಲ್ಲ ಅಳತೆಯೇ. ಗೆರೆ ಬೆರಳಷ್ಟು ಆಚೀಚೆಯಾದರೂ ಒಡಹುಟ್ಟಿದವರು ಕೊಡಲಿ ಹಿಡಿಯುವಂಥ ಕೆಲಸ. ಕನಸಿನಲ್ಲೂ ಅಡಿ, ಇಂಚು ಬರತೊಡಗಿದಾಗ ಅವಳು ಮಕ್ಕಳು ಕೊಳ್ಳುವಂಥ ಒಂದು ಡ್ರಾಯಿಂಗ್ ಪುಸ್ತಕ ಕೊಂಡಳು. ಅದಕ್ಕೆ ತನ್ನದೇ ಕಾಯಿದೆ ಮಾಡಿಕೊಂಡಳು: ಸ್ಕೇಲು, ರಬ್ಬರು ಮುಟ್ಟಬಾರದು, ಯಾರಿಗೂ ತೋರಿಸಬಾರದು.

ಚಿತ್ರ ಅವಳ ಕೈಗೆ ಒಗ್ಗಿದ್ದಲ್ಲ. ಸುಖವಿದ್ದದ್ದೂ ಅಲ್ಲೇ. ಒಂದು ಕಾಲು ತಪ್ಪು ಜಾಗಕ್ಕೆ ಬಿದ್ದು, ಅಳಿಸುವಂತಿಲ್ಲವಾಗಿ, ಎಮ್ಮೆಗೆ ಐದು ಕಾಲಾದವು. ಕಂಡಕ್ಟರನ ಮೂಗು ಅವನ ಟಿಕೆಟ್ ಯಂತ್ರಕ್ಕಿಂತ ದೊಡ್ಡದಾಯಿತು. ಪುಟ ತುಂಬಿದಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು.

ಒಂದು ಮಧ್ಯಾಹ್ನ ಬುತ್ತಿ ಉಂಡು, ಲಿಂಗಕ್ಕ ಮತ್ತು ಸುಂಕಣ್ಣರ ಹೊಲಗಳ ನಡುವಿನ ಬದುವನ್ನು ಬರೆಯುತ್ತ ಕೂತಳು. ಅಲ್ಲಿರುವ ಬೇವಿನ ಮರ ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಸರಕಾರಿ ನಕ್ಷೆಯಂತೆ ಮರ ಸುಂಕಣ್ಣನ ಕಡೆಗೆ ನಾಲ್ಕಡಿ ಒಳಗಿತ್ತು. ಮಹಾಲಕ್ಷ್ಮಿಗೂ ಅದು ಗೊತ್ತಿತ್ತು. ಆದರೆ ಹಾಳೆಯ ಎಡಕ್ಕೆ ಸುಂಕಣ್ಣನ ಗುಡಿಸಲು ಎಷ್ಟು ಹಿಗ್ಗಿತೆಂದರೆ ಮರಕ್ಕೆ ಜಾಗವೇ ಉಳಿಯಲಿಲ್ಲ. ಅದನ್ನು ಬಲಕ್ಕೆ, ಲಿಂಗಕ್ಕನ ಹತ್ತಿಯ ನಡುವೆ ನಿಲ್ಲಿಸಿದಳು.

ಮಜ್ಜಿಗೆಯ ಚೊಂಬು ಹಿಡಿದು ಬಂದಿದ್ದ ಲಿಂಗಕ್ಕ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

"ಮೇಡಂ, ಗಿಡ ನನ್ನ ಹೊಲದಾಗ ಐತಲ್ಲ."

"ಇದು ನಕ್ಷೆ ಅಲ್ಲ ಲಿಂಗಕ್ಕ. ಸುಮ್ನ ಆಟಕ್ಕ ಬರದೀನಿ, ಯಾರಿಗೂ ತೋರಸೂದಲ್ಲ. ಜಾಗ ಸಾಲಲಿಲ್ಲಂತ ಈ ಕಡಿ ಹಾಕೀನಿ."

"ಆಗಲಿ ಬಿಡ್ರಿ, ಆಟಕ್ಕ," ಎಂದು ಲಿಂಗಕ್ಕ ಮಜ್ಜಿಗೆ ಕೊಟ್ಟು ಹೋದಳು.

ಸರ್ವೇಯರಮ್ಮನ ಪುಸ್ತಕದಲ್ಲಿ ಮರ ಲಿಂಗಕ್ಕನದೆಂಬ ಸುದ್ದಿ ಹೊತ್ತು ಮುಳುಗುವಷ್ಟರಲ್ಲಿ ಊರೆಲ್ಲ ಸುತ್ತಿತು. ಮರುದಿನ ಮಹಾಲಕ್ಷ್ಮಿ ಹತ್ತು ಮಂದಿಯ ಮುಂದೆ ಅಳತೆಯ ಯಂತ್ರ ಹೂಡಿ, ನಾಲ್ಕಡಿಯನ್ನು ತೋರಿಸಿಕೊಟ್ಟಳು. ಯಾರೂ ಅತ್ತ ಕಣ್ಣು ಹಾಯಿಸಲಿಲ್ಲ. ಊರಿನ ಹಿರಿಯ ಮಲ್ಲಯ್ಯ ನಿಧಾನವಾಗಿ ಹೇಳಿದ:

"ನಕ್ಷೆ ನಾಕು ಮಂದಿ ನೋಡ್ಲಿ ಅಂತ ಬರೀತಾರ. ಅದರಾಗ ಹೆಚ್ಚು ಕಮ್ಮಿ ಇದ್ದದ್ದ. ಯಾರಿಗೂ ತೋರಸಬಾರದು ಅಂತ ಬರದದ್ದು ಸುಳ್ಳು ಇರ್ತೈತೇನಮ್ಮ?"

ಮಹಾಲಕ್ಷ್ಮಿ ತನ್ನ ಕಾಯಿದೆ ಮುರಿದು ಪುಸ್ತಕ ಬಿಚ್ಚಿದಳು. "ತಾತ, ಇಲ್ಲಿ ನೋಡ್ರಿ. ಈ ಎಮ್ಮಿಗಿ ಐದು ಕಾಲು ಅದಾವ."

ಮಲ್ಲಯ್ಯ ಕನ್ನಡಕ ಏರಿಸಿ ಎಣಿಸಿದ. "ಎಮ್ಮಿ ಪಂಚಾಯ್ತಿ ನಮ್ಮ ಮುಂದ ಬಂದಿಲ್ಲ," ಎಂದ.

ಮೂರನೆಯ ದಿನ ಸುಂಕಣ್ಣ ಬಸ್ಸಿಗೆ ಕಾಯುತ್ತಿದ್ದವಳ ಹತ್ತಿರ ಬಂದು, ತಲೆಯ ಟವೆಲ್ಲು ತೆಗೆದು ನಿಂತ.

"ಮೇಡಂ, ನನಗೂ ಒಂದು ಬರಕೊಡ್ರಿ."

"ನಿನ್ನ ಕಡಿ ನಕ್ಷೆನ ಐತಲ್ಲಣ್ಣ. ಸೀಲು ಹಾಕಿದ್ದು."

"ಅದನ್ನ ಯಾರು ನಂಬ್ತಾರ್ರಿ? ಆ ಪುಸ್ತಕದಾಗಿಂದು ಬೇಕು."

ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಪುಸ್ತಕದಲ್ಲಿ ಮೊದಲ ಬಾರಿಗೆ ಅವಳು ಕಣ್ಣಳತೆ ಹಿಡಿದಳು. ಎಚ್ಚರಿಕೆಯಿಂದ, ಬದುವಿನಿಂದ ನಾಲ್ಕಡಿ ಎನ್ನುವಷ್ಟೇ ದೂರಕ್ಕೆ ಮರ ಬರೆದಳು. ಸುಂಕಣ್ಣ ಮುಖ ಸಿಂಡರಿಸಿದ.

"ಇಷ್ಟು ನೆಟ್ಟಗ ಬ್ಯಾಡ್ರಿ. ಆಫೀಸಿನದು ಕಂಡಂಗ ಕಾಣ್ತೈತಿ."

ಇನ್ನೊಂದು ಹಾಳೆ ತಿರುವಿ, ಅವನ ಹೊಲದ ನಟ್ಟನಡುವೆ ಅಂಕುಡೊಂಕಾದ ಬೇವೊಂದನ್ನು ನಿಲ್ಲಿಸಿದಳು. ಅವನ ಮುಖ ಅರಳಿತು; ಹಾಳೆ ಹರಿದುಕೊಂಡು ಹೋದ. ಮರುದಿನ ಲಿಂಗಕ್ಕನೂ ತನ್ನ ಹಾಳೆ ಕೇಳಿ ಪಡೆದಳು. ಇಬ್ಬರೂ ಬೇರೆ ಬೇರೆ ದಿನ ಆದವಾನಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು.

ಜಗಳ ಅಲ್ಲಿಗೆ ನಿಂತಿತು. ತನ್ನ ಮರದ ನೆರಳಿನಲ್ಲಿ ಕೂಡಲು ಸುಂಕಣ್ಣ ಲಿಂಗಕ್ಕನನ್ನು ದೊಡ್ಡ ಮನಸ್ಸಿನಿಂದ ಕರೆದ. ತನ್ನ ಮರದ ಬೇವಿನಕಡ್ಡಿ ಮುರಿದುಕೊಳ್ಳಲು ಲಿಂಗಕ್ಕ ಅವನಿಗೆ ಅಷ್ಟೇ ದೊಡ್ಡ ಮನಸ್ಸಿನಿಂದ ಬಿಟ್ಟಳು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಲು ಕೇಳಲಿಲ್ಲ.

ಹನ್ನೊಂದು ವರ್ಷದ ತಕರಾರು ಹೇಗೆ ಮುಗಿಯಿತೆಂದು ಮೇಲಧಿಕಾರಿ ರಾಮಾಂಜನೇಯ ಕೇಳಿದರು.

"ಎಲ್ಲರ ಮುಂದೆ ಅಳತೆ ಮಾಡಿದೆ ಸಾರ್," ಎಂದಳು ಮಹಾಲಕ್ಷ್ಮಿ. ಅದರಲ್ಲಿ ಸುಳ್ಳಿರಲಿಲ್ಲ. ಅವರು ಸಂತೋಷಪಟ್ಟು, ಅವಳ ನಿಖರತೆಯನ್ನು ಹೊಗಳಿ ಒಂದು ಪತ್ರ ಕೊಟ್ಟರು. ಜತೆಗೆ ಇನ್ನೂ ನಾಲ್ಕು ಊರಿನ ಬದುವಿನ ತಕರಾರುಗಳನ್ನು ಅವಳಿಗೇ ಒಪ್ಪಿಸಿದರು.

ಮೊದಲ ಊರಿನಲ್ಲಿ ಅವಳು ಯಂತ್ರ ಹೂಡಿದಾಗ ಹತ್ತಿರ ಯಾರೂ ಸುಳಿಯಲಿಲ್ಲ. ಅಷ್ಟು ದೂರದಲ್ಲಿ, ನೆರಳಿಗೆ ಒಂದು ಕುರ್ಚಿ ಹಾಕಿ, ಅದರ ಮೇಲೆ ಚೂಪಾಗಿ ಹೆರೆದ ಪೆನ್ಸಿಲ್ ಇಟ್ಟಿದ್ದರು. ಎರಡೂ ಕಡೆಯವರು ಅದರ ಸುತ್ತ ಕಾಯುತ್ತಿದ್ದರು.

"ಮೊದಲ ಆ ಪುಸ್ತಕದ್ದು ಆಗಲಿ ಮೇಡಂ," ಎಂದ ಒಬ್ಬ.

"ಪುಸ್ತಕ ಮನ್ಯಾಗ ಬಿಟ್ಟು ಬಂದೀನಿ," ಎಂದು ಮಹಾಲಕ್ಷ್ಮಿ ಬ್ಯಾಗನ್ನು ಹಿಂದಕ್ಕೆ ಸರಿಸಿಕೊಂಡಳು. ಸಂಜೆಯತನಕ ಬಿಸಿಲಲ್ಲಿ ನಿಂತು ಅಳೆದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎರಡೂ ಕಡೆಯವರು ಅದನ್ನು ಒಪ್ಪಲಿಲ್ಲ.