ಮೆಟ್ಟಿಲಿಗೆ ಹೊದಿಕೆ

ಅಂಚು ಉದುರಿದ ಕಾಂಕ್ರೀಟ್ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡ ಓನ್ನಿ ಮುಂದಿನ ವಾರ ಆಸ್ಪತ್ರೆಯಿಂದ ಬರುವವನಿದ್ದ. ಅಷ್ಟರೊಳಗೆ ಹೊಸ ಮೆಟ್ಟಿಲು ಆಗಲೇಬೇಕೆಂದು ಅವನ ಹೆಂಡತಿ ಕೈಸು ಹಳೆಯದನ್ನು ತಾನೇ ಒಡೆದು, ಹಲಗೆ ಕಟ್ಟಿ, ಮಧ್ಯಾಹ್ನಕ್ಕೆಲ್ಲ ಕಾಂಕ್ರೀಟ್ ಸುರಿದು ಮುಗಿಸಿದ್ದಳು.

ಪಕ್ಕದ ಮನೆಯ ವೆಸಾ ಬೇಲಿಯಾಚೆಯಿಂದ ಕೂಗಿದ. "ಕೈಸಕ್ಕಾ, ಇವತ್ತು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತಂತೆ. ಹಸಿ ಕಾಂಕ್ರೀಟು ಹೆಪ್ಪುಗಟ್ಟಿದ್ರೆ ಬಿಸ್ಕತ್ತಿನ ಹಾಗೆ ಪುಡಿಪುಡಿ. ಬೇಸಿಗೆವರ್ಗೂ ಕಾಯಿ ಅಂದಿರ್ಲಿಲ್ವಾ?"

"ಕಾದಿದ್ರೆ ಓನ್ನೀನ ಕಿಟಕಿಯಿಂದ ಒಳಗೆ ಎತ್ತಿ ಹಾಕ್ಬೇಕಾಗ್ತಿತ್ತು," ಎಂದ ಕೈಸು, ಮನೆಯಲ್ಲಿದ್ದ ಕಂಬಳಿ, ರಜಾಯಿಗಳನ್ನೆಲ್ಲ ಹೊತ್ತು ತಂದು ಮೆಟ್ಟಿಲಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ, ಕಾಂಕ್ರೀಟು ಗಟ್ಟಿಯಾಗುವಾಗ ಹುಟ್ಟುವ ಕಾವು ಆರದಂತೆ, ಪದರ ಪದರವಾಗಿ ಹೊದಿಸಿದಳು.

"ಹಾಸಿಗೇನೆಲ್ಲ ಬರಿದು ಮಾಡಿದ್ಯಲ್ಲಕ್ಕಾ, ನೀನೆಲ್ಲಿ ಮಲಗ್ತೀಯ?"

"ಸೌನಾ ಸ್ನಾನದ ಮನೇಲಿ. ಒಲೆಗೆ ನಾಲ್ಕು ಸೌದೆ ಹಾಕಿದ್ರೆ ಬೆಳಗಿನವರೆಗೂ ಬೆಚ್ಚಗಿರುತ್ತೆ."

ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗಿತ್ತು. ಕೈಸು ಮಂಡಿಯೂರಿ ಕಂಬಳಿಗಳಡಿ ಕೈ ತೂರಿಸಿದಳು. ಮೆಟ್ಟಿಲು ಗಟ್ಟಿಯಾಗಿತ್ತು, ಇನ್ನೂ ಬೆಚ್ಚಗಿತ್ತು.