ಮೂರನೆಯ ತಟ್ಟೆ

ಮುಚ್ಚಳದ ಒಳಗೆ ಹಬೆ ಕೂತಿದೆ, ಅದಕ್ಕೇ ಹಾಗೆ ಕಾಣುತ್ತಿರಬೇಕು ಅಂದುಕೊಂಡು ಅವಳು ಗಾಜಿನ ತಟ್ಟೆಯನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು, ಹಬೆಯಲ್ಲ — ಔಷಧಿಯಲ್ಲಿ ಅದ್ದಿದ ಬಿಳಿ ಕಾಗದದ ಬಿಲ್ಲೆಗಳು ಇಟ್ಟಲ್ಲೇ ಇವೆ, ಪ್ರತಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ಒಂದು ಖಾಲಿ ಉಂಗುರ ಉಳಿಯಬೇಕಿತ್ತು, ಉಳಿದಿಲ್ಲ, ಹಳದಿ ಕೆನೆ ಅಂಚಿನವರೆಗೂ ಬಂದು ಆತುಕೊಂಡಿದೆ, ಯಾವ ಔಷಧಿಗೂ ಕ್ಯಾರೇ ಅಂದಿಲ್ಲ. ಇರಲಿ, ಇದು ಹಂದಿಯದು, ವಾರವಾರವೂ ಫಾರ್ಮಿಗೆ ಹೋಗಿ ಹಂದಿಗಳ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ತರುವವಳು ಅವಳೇ, ಮೇವಿಗೆ ದಿನಾ ಔಷಧಿ ಬೆರೆಸಿದರೆ ಇನ್ನೇನಾಗುತ್ತದೆ — ಕಾಯಿಲೆ ಏನೂ ಇಲ್ಲ ಮೇಡಂ, ಬೇಗ ದಪ್ಪ ಆಗ್ಲಿ ಅಂತ ಹಾಕೋದು, ಎಂದು ಫಾರ್ಮಿನವನು ಹೆಣ್ಣುಹಂದಿಯ ಬೆನ್ನು ತಟ್ಟಿದ್ದ, ನಿಮ್ ಕೈಗೆ ಒಗ್ಗಿಬಿಟ್ಟಿದೆ ನೋಡಿ, ಮಗು ಥರ ಮೂಗು ಒಡ್ಡುತ್ತೆ — ಬಿಸಿ, ಒದ್ದೆ ಮೂಗು, ಸೀನಿ ಅವಳ ಮುಖಕ್ಕೆಲ್ಲ ಸಿಡಿಸಿತ್ತು, ಸೆಕೆ ತಡೆಯಲಾರದೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದಳು, ತೋಳಿನಿಂದ ಒರೆಸಿಕೊಂಡು ನಕ್ಕಿದ್ದಳು ಕೂಡ. ಹಂದಿಗೆ ಈ ಬ್ಯಾಕ್ಟೀರಿಯಾದಿಂದ ತೊಂದರೆ ಏನೂ ಇಲ್ಲ, ಹೋಗಲೊಲ್ಲದ ನೆಂಟನ ಹಾಗೆ ಮೂಗಿನಲ್ಲಿ ಬಿದ್ದುಕೊಂಡಿರುತ್ತದೆ ಅಷ್ಟೆ, ಆದರೆ ಎರಡನೆಯ ತಟ್ಟೆ, ಅಪ್ಪನ ಮಂಡಿಯ ಕೀವಿನದು, ಅದೇ ಹಳದಿ, ಅದೇ ಬಿಲ್ಲೆಗಳು, ಯಾವೊಂದರ ಸುತ್ತಲೂ ಉಂಗುರವಿಲ್ಲ.

ಅದಲುಬದಲಾಗಿದೆ, ಖಂಡಿತ, ಹಂದಿಯದನ್ನೇ ಎರಡು ಸಲ ಹಚ್ಚಿದ್ದೇನೆ, ನಾನು ದಡ್ಡಿ, ದಡ್ಡಿಯೇ ಆಗಿರಲಿ ದೇವರೇ — ಹೆಸರು ಬರೆದದ್ದು ಅವಳ ಕೈಬರಹ, ಉಳಿಸಿಟ್ಟ ಕೀವಿನಿಂದ ಮತ್ತೆ ಮಾಡಿದ್ದೂ ಹೀಗೇ ಬಂದಿದೆ. ಅಪ್ಪ ಹುಟ್ಟಿದಾಗಿನಿಂದ ಒಂದು ಹಂದಿಯನ್ನೂ ಮುಟ್ಟಿದವನಲ್ಲ. ಹೊಸ ಮಂಡಿ ಹಾಕಿಸಿಕೊಂಡು ಮನೆಗೆ ಬಂದಾಗ ಹೊಲಿಗೆ ಎಷ್ಟು ಚೆನ್ನಾಗಿ ಒಣಗಿತ್ತು, ಆಮೇಲೆ ಕೆಂಪು, ಆಮೇಲೆ ಕೀವು, ನೋಡನೋಡುತ್ತಿದ್ದಂತೆ ಮಾಂಸವನ್ನು ಕರಗಿಸಿ ಮೂಳೆಗೆ ಇಳಿಯಿತು, ಮತ್ತೆ ವಾರ್ಡಿಗೆ ಸೇರಿಸಿದಾಗ ಇಷ್ಟು ಜೋರಿರೋದನ್ನ ನಾನು ನೋಡೇ ಇಲ್ಲ ಎಂದರು ಸರ್ಜನ್, ಯಾವ್ ಔಷಧಿ ಕೇಳುತ್ತೆ ಅಂತ ನಿಮ್ ಲ್ಯಾಬೇ ಹೇಳ್ಬೇಕು, ಒಂದೂ ಇಲ್ಲ ಅಂದ್ರೆ ಜೀವ ಉಳಿಸೋಕೆ ಕಾಲು ತೆಗೀಲೇಬೇಕಾಗುತ್ತೆ. ಒಂದೂ ಇಲ್ಲ. ಆಸ್ಪತ್ರೆಯಲ್ಲೇ ಅಂಟಿರಬೇಕು, ಆ ನರ್ಸ್ ಕೈ ತೊಳೆದಳೋ ಇಲ್ಲವೋ, ಎಷ್ಟು ಬೈದಿದ್ದೆ ಅವರನ್ನೆಲ್ಲ, ಮನೆಗೆ ಬಂದ ದಿನದಿಂದ ಬ್ಯಾಂಡೇಜು ಬದಲಾಯಿಸಲು ಬೇರೆಯವರು ಬೇಡವೇ ಬೇಡ, ಶುಚಿ ಅಂದರೆ ಏನೆಂದು ನನಗೆ ಗೊತ್ತು — ಅಪ್ಪನ ಮಂಡಿಯ ಮೇಲೆ ಬಗ್ಗಿ, ಮಾತಾಡುತ್ತಾ, ಜಾರುವ ಕನ್ನಡಕವನ್ನು ಮೂಗಿನ ಮೇಲೆ ದೂಡುತ್ತಾ, ಮತ್ತೆ ಅದೇ ಬೆರಳಿನಿಂದ ಹತ್ತಿ —

ಈಗಲೂ ಕನ್ನಡಕ ದೂಡಲು ಎತ್ತಿದ ಬೆರಳು ಮೂಗಿನ ಬಳಿ ನಿಂತಿತು. ಲ್ಯಾಬಿನಲ್ಲಿ ಒಂದು ರೂಢಿ ಇದೆ, ಹೋಲಿಸಿ ನೋಡಲು ಪ್ರತಿ ಸಲವೂ ಆರೋಗ್ಯವಂತರೊಬ್ಬರ ಮೂಗಿನದನ್ನೂ ಬೆಳೆಸುವುದು, ಉಳಿದವರೆಲ್ಲ ಒಂದಲ್ಲ ಒಂದು ನೆಪ ಹೇಳಿ ಜಾರಿಕೊಳ್ಳುತ್ತಾರೆ, ನಿಂದು ಚಿನ್ನದಂಥ ಮೂಗು ಕಣೇ, ನೀನೇ ಕೊಟ್ಬಿಡು, ಹಾಗಾಗಿ ಯಾವಾಗಲೂ ಅವಳದೇ, ಯಾವಾಗಲೂ ಸ್ವಚ್ಛ, ಎಷ್ಟೋ ಸಲ ಸರಿಯಾಗಿ ನೋಡದೆಯೇ ಎಸೆದದ್ದುಂಟು. ಈ ಸಲದ್ದು ಆ ಎರಡು ತಟ್ಟೆಗಳ ಅಡಿಯಲ್ಲಿದೆ. ತೆಗೆಯಬೇಡ. ತೆಗೆದಳು, ಹಳದಿ, ದಟ್ಟ ಹಳದಿ, ನನ್ನ ಮೂಗಿನಲ್ಲಿ, ನೆಗಡಿ ಕೂಡ ಇಲ್ಲದ ನನ್ನ ಮೂಗಿನಲ್ಲಿ, ನಾನೇ ಹೊತ್ತು ತಂದೆನೇ, ನಾನೇ ಹಚ್ಚಿದೆನೇ ಅಪ್ಪನಿಗೆ — ಫೋನು ಹೊಡೆದುಕೊಳ್ಳುತ್ತಿದೆ, ವಾರ್ಡಿನಿಂದ ಅಮ್ಮ, ಬೇಗ ಬಾರೇ, ಬ್ಯಾಂಡೇಜು ಬದ್ಲಾಯಿಸೋಕೆ ನಿಮ್ಮಪ್ಪ ಯಾರನ್ನೂ ಹತ್ರಾನೇ ಬಿಡ್ತಿಲ್ಲ, ನನ್ ಮಗಳ ಕೈಗುಣಾನೇ ಬೇರೆ, ಅವಳು ಮುಟ್ಟಿದ್ರೆ ಅರ್ಧ ವಾಸಿ ಅಂತ ಹಟ ಹಿಡಿದು ಕೂತಿದಾರೆ, ಕೇಳಿಸ್ತಾ ಇದೆಯೇನೇ, ಏನಾದ್ರೂ ಮಾತಾಡು — ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ತಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದಳು, ಬಿಳಿ ಬಿಲ್ಲೆ, ಅದರ ಅಂಚಿನವರೆಗೂ ಹಳದಿ, ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ, ಬಿಳಿ ಬಿಲ್ಲೆ, ಅಂಚಿನವರೆಗೂ ಹಳದಿ.